ಹೋಂಸ್ಟೇ ಅಂಗಳದಲ್ಲಿ ಗ್ರಿಲ್: ಬೆಂಕಿಯನ್ನು ಅತಿಥಿಯ ಕೈಗೆ ಕೊಡುವ ಮೊದಲು

ಕಾಸರಗೋಡು ಸೀಮೆಯಲ್ಲಿ ಹೋಂಸ್ಟೇ ನಡೆಸುವವರು ಸೇರಿದಲ್ಲೆಲ್ಲ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬೇಕಲದ ಕೋಟೆ, ರಾಣಿಪುರದ ಬೆಟ್ಟ, ಅನಂತಪುರದ ಸರೋವರ ದೇವಾಲಯ ನೋಡಿಕೊಂಡು ಸಂಜೆ ಮರಳಿದ ಅತಿಥಿಗಳು ಬಾರ್ಬೆಕ್ಯೂ ಇದೆಯೇ ಎಂದು ಕೇಳುತ್ತಾರೆ. ಒಂದು ಗ್ರಿಲ್ ತಂದು ಅಂಗಳದಲ್ಲಿ ಇಟ್ಟರೆ ಸಾಕೇ?

ಸಾಲದು. ಕುರ್ಚಿ, ಕೇರಂ ಬೋರ್ಡು ಇಟ್ಟಂತೆ ಗ್ರಿಲ್ ಇಡಲು ಬರುವುದಿಲ್ಲ. ನಮ್ಮ ಮನೆಯ ಸುತ್ತ ಒಣಗಿದ ಸೋಗೆ, ಮಡಲು, ಬೈಹುಲ್ಲು, ಗುಡ್ಡದ ಮೇಲೆ ಮುಳಿಹುಲ್ಲು ಇರುತ್ತವೆ. ಇವುಗಳ ಸ್ವಭಾವ ನಿನ್ನೆ ರಾತ್ರಿ ಬಂದಿಳಿದ ಅತಿಥಿಗೆ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲರಿಗೂ ನಾನು ಮೊದಲು ಹೇಳುವ ನಿಯಮ ಇದು: ಬೆಂಕಿ ಹೊತ್ತಿಸುವುದು ಮನೆಯವರ ಕೆಲಸ, ಆರಿಸುವುದೂ ಮನೆಯವರ ಕೆಲಸ. ನಡುವೆ ಸುಟ್ಟು ತಿನ್ನುವ ಸಂತೋಷ ಮಾತ್ರ ಅತಿಥಿಯದು. ಈ ನಿಯಮಕ್ಕೆ ಒಪ್ಪುವ ಪುರುಸೊತ್ತು ನಿಮಗಿಲ್ಲವಾದರೆ, ಅಥವಾ ರಾತ್ರಿ ಆ ಮನೆಯಲ್ಲಿ ನಿಮ್ಮ ಕಡೆಯವರು ಯಾರೂ ಇರುವುದಿಲ್ಲವಾದರೆ, ಇದ್ದಿಲಿನ ಗ್ರಿಲ್ ಇಡಬೇಡಿ. ಮುಂದಿನ ಹಂತಗಳೆಲ್ಲ ಈ ಮಾತಿಗೆ ಒಪ್ಪಿದವರಿಗಾಗಿ.

ಹಂತ 1: ಮನೆಯೊಳಗೆ ಒಂದು ತೀರ್ಮಾನ

ಮೊದಲು ನಿರ್ಧಾರವಾಗಬೇಕಾದದ್ದು ಗ್ರಿಲ್ಲಿನ ಮೇಲೆ ಏನು ಬೇಯಬಹುದು ಎಂಬುದು. ನಮ್ಮ ಕಡೆ ಸಸ್ಯಾಹಾರಿಗಳ ಮನೆಗಳಲ್ಲಿಯೂ ಹೋಂಸ್ಟೇಗಳಿವೆ. ಅಂಗಳದಲ್ಲಿ ಮೀನು, ಕೋಳಿ ಸುಡುವುದು ಹಿರಿಯರಿಗೆ ಇಷ್ಟವಿಲ್ಲದಿದ್ದರೆ ಅದನ್ನು ಬುಕಿಂಗ್ ಪುಟದಲ್ಲಿಯೇ ಸ್ಪಷ್ಟವಾಗಿ ಬರೆಯಿರಿ: 'ಗ್ರಿಲ್ ಇದೆ, ಸಸ್ಯಾಹಾರಕ್ಕೆ ಮಾತ್ರ.' ಅತಿಥಿ ಮಂಜೇಶ್ವರದಿಂದ ಮೀನು ಕೊಂಡು ತಂದ ಮೇಲೆ ಬೇಡ ಎನ್ನುವುದು ಇಬ್ಬರಿಗೂ ಬೇಸರದ ಸಂಗತಿ. ಎರಡೂ ಆಗಬಹುದು ಎನ್ನುವವರು ಎರಡು ಜಾಲರಿ, ಎರಡು ಇಕ್ಕಳ ಇಡಿ, ಹಿಡಿಗಳಿಗೆ ಬೇರೆ ಬೇರೆ ಬಣ್ಣ ಬಳಿಯಿರಿ. ಜಾಲರಿ ಎಂದರೆ ಆಹಾರ ಇಡುವ ಸರಳುಗಳ ಚೌಕಟ್ಟು. ಹಲಾಲ್ ಪಾಲಿಸುವ ಅತಿಥಿಗಳೂ ಈ ಜಾಲರಿಯ ಮೇಲೆ ಮೊದಲು ಏನು ಸುಟ್ಟಿದ್ದೀರಿ ಎಂದು ಕೇಳುತ್ತಾರೆ. ನೇರವಾಗಿ, ನಿಜವಾಗಿ ಉತ್ತರಿಸಿ.

ಆಮೇಲೆ ಕಾಗದಪತ್ರ. ಮನೆಗೆ ವಿಮೆ ಇದ್ದರೆ, ಬಾಡಿಗೆಯ ಅತಿಥಿಗಳು ಉರಿಸಿದ ಬೆಂಕಿಯಿಂದ ಆದ ನಷ್ಟಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮಾಂಸ ಅಥವಾ ತರಕಾರಿಗೆ ನೀವೇ ಮಸಾಲೆ ಹಚ್ಚಿ ಹಣಕ್ಕೆ ಒದಗಿಸುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯ ವಿಷಯ ಬರುತ್ತದೆ. ಪಂಚಾಯತಿನ ಪರವಾನಗಿ ಮತ್ತು ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ವರ್ಗೀಕರಣದ ಷರತ್ತುಗಳನ್ನೂ ಇದೇ ಸಂದರ್ಭದಲ್ಲಿ ಮತ್ತೊಮ್ಮೆ ಓದಿಕೊಳ್ಳಿ.

ನೆರೆಮನೆಯವರಿಗೆ ಒಂದು ಮಾತು ಹೇಳಿ. ಹೊಗೆ ಬೇಲಿಯನ್ನು ಕೇಳಿ ದಾಟುವುದಿಲ್ಲ. ಹತ್ತಿರದಲ್ಲಿ ನಾಗಬನವೋ ದೈವಸ್ಥಾನವೋ ಇದ್ದರೆ ಆ ದಿಕ್ಕಿನ ಮೂಲೆಯನ್ನು ಈಗಲೇ ಬಿಟ್ಟುಬಿಡಿ.

ಹಂತ 2: ಜಾಗ ಹುಡುಕುವುದು

ಅವಸರ ಮಾಡಬಾರದ ಹಂತ ಇದು. ಗ್ರಿಲ್ ಕೆಟ್ಟರೆ ಬೇರೆ ತರಬಹುದು, ಜಾಗ ತಪ್ಪಿದರೆ ಪ್ರತಿ ಸಂಜೆಯೂ ತಪ್ಪುತ್ತದೆ.

ಮನೆಯ ಗೋಡೆ, ಹಂಚಿನ ಮಾಡು, ತಗಡಿನ ಚಪ್ಪರ, ಮರದ ಕಂಬ ಇವೆಲ್ಲವುಗಳಿಂದ ಕನಿಷ್ಠ 3 ಮೀಟರ್ ದೂರ ಇರಬೇಕು. ದನದ ಹಟ್ಟಿ, ಬೈಹುಲ್ಲಿನ ರಾಶಿ, ಸೌದೆ ಕೊಟ್ಟಿಗೆ ಇದ್ದಲ್ಲಿ ಇನ್ನೂ ಹೆಚ್ಚು, ನನ್ನ ಅಂದಾಜಿನಲ್ಲಿ 10 ಮೀಟರಿಗೂ ಕಡಿಮೆ ಬೇಡ. ನಂತರ ಕತ್ತೆತ್ತಿ ನೋಡಿ. ಮೇಲೆ ತೆಂಗಿನ ಮರವಿದ್ದರೆ ಆ ಜಾಗ ಬೇಡ. ಕಾಯಿ ಬೀಳುವ ಭಯ ಒಂದು ಕಡೆ, ಒಣಮಡಲು ನೇರವಾಗಿ ಕೆಂಡದ ಮೇಲೆ ಬೀಳುವ ಭಯ ಇನ್ನೊಂದು ಕಡೆ. ಎತ್ತರದ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರ ಕೆಳಗಾಗಲಿ ಆಸುಪಾಸಿನಲ್ಲಾಗಲಿ ಹೊಗೆ ಏಳಲೇಬಾರದು, ಕೆರಳಿದ ಹೆಜ್ಜೇನು ಜೀವ ತೆಗೆಯಬಲ್ಲದು. ಮನೆಯಲ್ಲಿ ಸಾಕಿದ ಜೇನುಪೆಟ್ಟಿಗೆಗಳಿದ್ದರೆ ಅವುಗಳಿಗೂ ಹೊಗೆ ತಾಗದಂತೆ ನೋಡಿಕೊಳ್ಳಿ.

ಡಿಸೆಂಬರಿನಿಂದ ಮಾರ್ಚಿನವರೆಗೆ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಪ್ರವಾಸಿಗರು ಹೆಚ್ಚು ಬರುವ ತಿಂಗಳುಗಳೂ ಅವೇ. ಅಡಿಕೆ ಹರಡಿದ ಅಂಗಳದ ಅಂಚಿನಲ್ಲಿ ಗ್ರಿಲ್ ಇಟ್ಟರೆ ಕಿಡಿ, ಮಸಿ, ಎಣ್ಣೆಹೊಗೆ ಎಲ್ಲವೂ ವರ್ಷದ ಬೆಳೆಯ ಮೇಲೆ ಕೂರುತ್ತವೆ. ಹಾಗಾಗಿ ಒಣಗಿಸುವ ಅಂಗಳ ಬೇರೆ, ಅತಿಥಿಗಳ ಅಂಗಳ ಬೇರೆ ಎಂದು ಮೊದಲೇ ಗೆರೆ ಎಳೆಯಿರಿ.

ಗಾಳಿಯ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಕರಾವಳಿಯಲ್ಲಿ ಹಗಲು ಭೂಮಿ ಬೇಗ ಕಾಯುವುದರಿಂದ ಮಧ್ಯಾಹ್ನದಿಂದ ಸಂಜೆಯವರೆಗೆ ಗಾಳಿ ಕಡಲಿನಿಂದ, ಅಂದರೆ ಪಡುವಣದಿಂದ ಬರುತ್ತದೆ. ರಾತ್ರಿಯಾಗುತ್ತಿದ್ದಂತೆ ಭೂಮಿ ಬೇಗ ತಣಿದು ಗಾಳಿ ತಿರುಗಿ ಮೂಡಣದಿಂದ ಕಡಲ ಕಡೆಗೆ ಬೀಸುತ್ತದೆ. ಸಂಜೆ 5 ಗಂಟೆಗೆ ನಿಂತು ಜಾಗ ಆರಿಸಿದವರಿಗೆ ರಾತ್ರಿ 9ಕ್ಕೆ ಹೊಗೆಯೆಲ್ಲ ಮಲಗುವ ಕೋಣೆಗೆ ನುಗ್ಗುವುದು ಈ ಕಾರಣದಿಂದ. ಎರಡು ದಿನ, ಸಂಜೆ ಒಮ್ಮೆ, ರಾತ್ರಿ ಒಮ್ಮೆ, ಅದೇ ಜಾಗದಲ್ಲಿ ಒಂದು ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ಎಂದು ನೋಡಿ. ಖರ್ಚಿಲ್ಲದ ಪರೀಕ್ಷೆ, ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ನೆಲ ಸಮತಟ್ಟಾಗಿರಬೇಕು, ಬರಿಯ ಕೆಂಪುಕಲ್ಲಿನ ಹಾಸು ಅಥವಾ ಗುಡಿಸಿದ ಮಣ್ಣಾಗಿರಬೇಕು. ಸುತ್ತಲೂ 2 ಮೀಟರಿನಷ್ಟು ತರಗೆಲೆ, ಹುಲ್ಲು ಇಲ್ಲದಂತೆ ಕೆರೆಯಿಸಿ. ಮನೆ ಪದವಿನ ಮೇಲಿದ್ದರೆ, ಅಂದರೆ ಕೆಂಪುಕಲ್ಲಿನ ಬಯಲಿನಲ್ಲಿದ್ದರೆ, ಜನವರಿಯಿಂದ ಮಳೆ ಬರುವವರೆಗೆ ಸುತ್ತಲಿನ ಮುಳಿಹುಲ್ಲು ಕಡ್ಡಿಪೆಟ್ಟಿಗೆಗೆ ಸಮ. ಅಂಥ ಮನೆಗಳಲ್ಲಿ ಆ ತಿಂಗಳುಗಳ ಮಟ್ಟಿಗೆ ಇದ್ದಿಲಿನ ಗ್ರಿಲ್ ಒಳಗಿಟ್ಟು ವಿದ್ಯುತ್ ಗ್ರಿಲ್ ಮಾತ್ರ ಕೊಡಿ. ಕಾಡಿನಂಚಿನ ಮನೆಗಳವರು, ಅತಿಥಿಗಳು ಗ್ರಿಲ್ ಹೊತ್ತುಕೊಂಡು ಕಾಡಿನೊಳಗೆ ಹೋಗದಂತೆ ಮೊದಲೇ ಹೇಳಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ.

ಕೊನೆಯದಾಗಿ, ಆ ಜಾಗಕ್ಕೆ ನೀರಿನ ಪೈಪು ಮುಟ್ಟಬೇಕು. ಪಂಪಿನ ನೀರನ್ನು ನಂಬಬೇಡಿ, ಬೇಕಾದ ಹೊತ್ತಿಗೆ ಕರೆಂಟ್ ಹೋಗಿರುತ್ತದೆ. ನಮ್ಮಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ತಾನಾಗಿ ಇಳಿದು ಬರುವ ನೀರು ಇರುವ ಮನೆಗಳಿವೆ. ಅಂಥ ಭಾಗ್ಯವಿದ್ದರೆ ಒಂದು ಕವಲನ್ನು ಗ್ರಿಲ್ಲಿನ ಬಳಿಗೆ ಎಳೆಯಿಸಿ. ಇಲ್ಲವಾದರೆ ತುಂಬಿದ ಟಾಂಕಿಯಿಂದ ಇಳಿಯುವ ನಲ್ಲಿ ಇರಲಿ.

ಹಂತ 3: ಯಾವ ಗ್ರಿಲ್?

ಇದ್ದಿಲಿನದು, ಗ್ಯಾಸಿನದು, ವಿದ್ಯುತ್ತಿನದು ಎಂದು ಮೂರು ಬಗೆ. ಅತಿಥಿಗಳ ಮನಸ್ಸಿನಲ್ಲಿ ಇರುವುದು ಇದ್ದಿಲಿನದು, ಕೆಂಡದ ವಾಸನೆಗಾಗಿಯೇ ಅವರು ಕೇಳುವುದು.

ಇದ್ದಿಲಿನದರಲ್ಲಿ ಮುಚ್ಚಳ ಇರುವುದನ್ನೇ ಆರಿಸಿ. ಮುಚ್ಚಳ ಮತ್ತು ಗಾಳಿಕಿಂಡಿಗಳಿದ್ದರೆ ಉರಿ ನಿಮ್ಮ ಹತೋಟಿಯಲ್ಲಿರುತ್ತದೆ: ಕಿಂಡಿ ತೆರೆದರೆ ಉರಿ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ, ಎಲ್ಲ ಮುಚ್ಚಿದರೆ ಆರುತ್ತದೆ. ಆರೇಳು ಮಂದಿಗೆ ಸುಮಾರು 55 ಸೆಂಟಿಮೀಟರ್ ಅಗಲದ ದುಂಡನೆಯ ಗ್ರಿಲ್ ಸಾಕು. ಎತ್ತರ ಸೊಂಟದ ಮಟ್ಟಕ್ಕೆ ಇರಲಿ. ನೆಲದ ಮೇಲಿನ ಒಲೆ ನೋಡಲು ಚೆಂದ, ಆದರೆ ಓಡುವ ಮಗುವಿನ ಮುಖ ಅದೇ ಎತ್ತರದಲ್ಲಿರುತ್ತದೆ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದೂ ಒಳ್ಳೆಯ ದಾರಿಯೇ, ದುರಸ್ತಿಗೆ ಸುಲಭ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಜಿಐ ತಗಡು, ಜಿಐ ಬಲೆ, ಅಂದರೆ ಸತುವಿನ ಲೇಪವಿರುವ ಕಬ್ಬಿಣ, ಬೆಂಕಿಗೆ ಬೇಡ. ತುಂಬ ಕಾದಾಗ ಸತುವು ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರದಂಥ ಕಾಯಿಲೆ ಬರುತ್ತದೆ. ಬಣ್ಣ, ರಾಸಾಯನಿಕ, ಕೀಟನಾಶಕ ತುಂಬಿ ಬಂದ ಡ್ರಮ್ಮುಗಳನ್ನು ಸೀಳಿ ಮಾಡುವುದೂ ಬೇಡವೇ ಬೇಡ. ಸುಮಾರು 3 ಮಿಲಿಮೀಟರ್ ದಪ್ಪದ ಲೇಪವಿಲ್ಲದ ಕಬ್ಬಿಣದ ತಗಡಿನಿಂದ ಒಡಲು, ಸ್ಟೀಲ್ ಸರಳಿನಿಂದ ಜಾಲರಿ ಮಾಡಿಸಿ. ಕಡಲ ತೀರದ ಮನೆಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಜಾಲರಿಗೆ ಸ್ಟೀಲೇ ಸರಿ.

ಕೆಂಪುಕಲ್ಲಿನಲ್ಲಿ ಕಟ್ಟೆ ಕಟ್ಟಿಸುವವರು ಒಳಮೈಗೆ ಸುಟ್ಟ ಇಟ್ಟಿಗೆಯ ಪದರ ಕೊಡಿಸಿ, ಒಳಗಡೆ ಗಾರೆಗೆ ಸಿಮೆಂಟಿನ ಬದಲು ಮಣ್ಣು ಬಳಸಿ. ಬಿಸಿಗೆ ಸಿಮೆಂಟು ಸೀಳುತ್ತದೆ. ಕಟ್ಟಿದ ಮೇಲೆ ಮೂರು ನಾಲ್ಕು ದಿನ ಸಣ್ಣ ಉರಿ ಹಾಕಿ ಒಣಗಿಸಿ. ಹೊಳೆಯಿಂದ ತಂದ ಕಲ್ಲುಗಳನ್ನು ಬೆಂಕಿಯ ಸುತ್ತ ಇಡಬೇಡಿ. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಗ್ಯಾಸ್ ಗ್ರಿಲ್ ಇಡುವವರಿಗೆ: ಮನೆ ಬಳಕೆಯ 14.2 ಕಿಲೋದ ಕೆಂಪು ಸಿಲಿಂಡರನ್ನು ಬಾಡಿಗೆ ಅತಿಥಿಗಳ ಗ್ರಿಲ್ಲಿಗೆ ಜೋಡಿಸಬೇಡಿ, ವಾಣಿಜ್ಯ ಸಂಪರ್ಕದ ಬಗ್ಗೆ ವಿತರಕರಲ್ಲಿ ವಿಚಾರಿಸಿ. ಗ್ರಿಲ್ ಎಷ್ಟು ಒತ್ತಡಕ್ಕೆ ತಯಾರಾಗಿದೆಯೋ ಅದೇ ಒತ್ತಡದ ರೆಗ್ಯುಲೇಟರ್ ಇರಬೇಕು. ಹೆಚ್ಚಿನ ಒತ್ತಡದ ರೆಗ್ಯುಲೇಟರನ್ನು ಸಣ್ಣ ಗ್ರಿಲ್ಲಿಗೆ ಸಿಕ್ಕಿಸಿದರೆ ಜ್ವಾಲೆ ಮುಖಕ್ಕೆ ಬರುತ್ತದೆ. ಐಎಸ್‌ಐ ಗುರುತಿನ ಕೊಳವೆಯನ್ನೇ ಹಾಕಿಸಿ, ಅದರ ಮೇಲೆ ಅಚ್ಚಾದ ಅವಧಿ ಮುಗಿದ ದಿನ ಬದಲಿಸಿ. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದರಿಂದ ಸೋರಿದರೆ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರನ್ನು ಅಂಗಳದ ಕೆಳಗಿನ ಗುಂಡಿ ಜಾಗದಲ್ಲಿಯೋ ಚರಂಡಿಯ ಪಕ್ಕದಲ್ಲಿಯೋ ಇಡಬೇಡಿ. ಸೋರಿಕೆ ನೋಡಲು ಸಾಬೂನಿನ ನೊರೆ, ಕಡ್ಡಿ ಗೀರಿ ಅಲ್ಲ. ಸೋರಿಕೆಯ ತುರ್ತು ಸಂಖ್ಯೆ 1906.

ವಿದ್ಯುತ್ ಗ್ರಿಲ್ ಅತ್ಯಂತ ಕಡಿಮೆ ತಲೆನೋವಿನದು. 2000 ವಾಟ್‌ನದು ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಾಗಾಗಿ 6 ಆಂಪಿಯರಿನ ಸಾಮಾನ್ಯ ಸಾಕೆಟ್ಟಿಗೆ, ತೆಳುವಾದ ಎಕ್ಸ್‌ಟೆನ್ಶನ್ ವೈರಿಗೆ ಸಿಕ್ಕಿಸಬಾರದು. 16 ಆಂಪಿಯರಿನ ಸಾಕೆಟ್, ಸರಿಯಾದ ಅರ್ಥಿಂಗ್, ಆರ್‌ಸಿಸಿಬಿ ಮೂರೂ ಇರಲಿ. ಆರ್‌ಸಿಸಿಬಿ ಎಂದರೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು. ಒದ್ದೆ ಜಗಲಿಯಲ್ಲಿ ಬರಿಗಾಲಲ್ಲಿ ನಿಲ್ಲುವ ನಮ್ಮ ಊರಿಗೆ ಅದು ಬೇಕೇ ಬೇಕು.

ಹಂತ 4: ಉರುವಲು

ತೆಂಗಿನ ಗೆರಟೆಯ ಇದ್ದಿಲಿನಷ್ಟು ಒಳ್ಳೆಯದು ಬೇರೆ ಇಲ್ಲ, ಅದು ನಮ್ಮ ಊರಿನಲ್ಲಿಯೇ ಸಿಗುತ್ತದೆ. ಹೊತ್ತಿಕೊಳ್ಳಲು ಸ್ವಲ್ಪ ತಡ, ಹೊತ್ತಿದ ಮೇಲೆ ಹೊಗೆ ಕಡಿಮೆ, ಕಾವು ಹೆಚ್ಚು, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಆರು ಮಂದಿಯ ಒಂದು ಸಂಜೆಗೆ ನಾನು 2 ಕಿಲೋ ತೂಗಿ ಇಡುತ್ತೇನೆ. ತೂಗಿ ಇಡುವುದಕ್ಕೆ ಕಾರಣವಿದೆ. ಚೀಲವನ್ನೇ ಪಕ್ಕದಲ್ಲಿ ಇಟ್ಟರೆ ಅತಿಥಿಗಳು ಸುರಿಯುತ್ತಲೇ ಹೋಗುತ್ತಾರೆ, ಮಧ್ಯರಾತ್ರಿಯಾದರೂ ಕೆಂಡ ಆರುವುದಿಲ್ಲ.

ಸುಡದ ಗೆರಟೆ ಬೇರೆ, ಅದರ ಇದ್ದಿಲು ಬೇರೆ. ಗೆರಟೆಯನ್ನು ನೇರವಾಗಿ ಒಲೆಗೆ ಹಾಕಿದರೆ ಎತ್ತರದ ಜ್ವಾಲೆ, ಕಪ್ಪು ಹೊಗೆ. ಹೊತ್ತಿಸಲು ಒಂದೆರಡು ಚೂರು ಸಾಕು. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಸೋಗೆ ಹೊಗೆಯ ರಾಶಿಯನ್ನೇ ಎಬ್ಬಿಸುತ್ತವೆ. ಹಳೆಯ ಬಾಗಿಲು, ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರುಗಳ ಹೊಗೆ ಆಹಾರಕ್ಕೆ ವಿಷ. ಇವೆಲ್ಲ ಗ್ರಿಲ್ಲಿನ ಹತ್ತಿರ ಕಣ್ಣಿಗೆ ಬೀಳದಂತೆ ಇಡಿ, ಕಂಡರೆ ಯಾರಾದರೂ ಹಾಕಿಯೇ ಹಾಕುತ್ತಾರೆ.

ಇದ್ದಿಲನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ತುಂಬಿಡಿ. ಮಳೆಗಾಲದ ತೇವ ಕುಡಿದ ಇದ್ದಿಲು ಹೊತ್ತದೆ ಹೊಗೆಯುತ್ತದೆ, ಚಟಪಟನೆ ಸಿಡಿಯುತ್ತದೆ.

ಹಂತ 5: ಪಕ್ಕದಲ್ಲಿ ಇರಲೇಬೇಕಾದವು

ಎರಡು ಬಕೆಟ್ ಮರಳು. ನೀರಿನ ಪೈಪು. ಎಬಿಸಿ ಬಗೆಯ ಒಣಪುಡಿಯ ಅಗ್ನಿಶಾಮಕ, 4 ಅಥವಾ 6 ಕಿಲೋದ್ದು, ಅದರ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿ ನಿಂತಿರಬೇಕು. ಉದ್ದ ಹಿಡಿಯ ಇಕ್ಕಳ ಎರಡು, ಚರ್ಮದ ಕೈಗವಸು ಒಂದು ಜೊತೆ, ಮುಚ್ಚಳವಿರುವ ತಗಡಿನ ಬೂದಿ ಡಬ್ಬಿ, ಒಳ್ಳೆಯ ಬೆಳಕು. ಮೊಬೈಲಿನ ಟಾರ್ಚಿನಲ್ಲಿ ಕೋಳಿ ಬೆಂದಿದೆಯೇ ಎಂದು ನೋಡಲಾಗದು. ಎಚ್ಚರಿಕೆಯ ಹಲಗೆಯನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲಿಯೂ ಬರೆಯಿಸಿ, ಅಗ್ನಿಶಾಮಕ ದಳದ 101, ತುರ್ತು ಸಂಖ್ಯೆ 112, ಆಂಬುಲೆನ್ಸಿನ 108 ಮತ್ತು ನಿಮ್ಮ ಮೊಬೈಲ್ ಸಂಖ್ಯೆ ಅದರಲ್ಲಿರಲಿ. ಮನೆಗೆ ಬರುವ ದಾರಿಯ ಗುರುತನ್ನೂ ಎರಡು ಸಾಲಿನಲ್ಲಿ ಬರೆಯಿರಿ. ಗಾಬರಿಯಲ್ಲಿ ಫೋನ್ ಮಾಡುವ ಅತಿಥಿಗೆ ತಾನು ಯಾವ ಪಂಚಾಯತಿನಲ್ಲಿದ್ದೇನೆ ಎಂಬುದೂ ತಿಳಿದಿರುವುದಿಲ್ಲ.

ಹಂತ 6: ಹೊತ್ತಿಸುವುದು

ಅತಿಥಿ ಊಟಕ್ಕೆ ಕೂರಬೇಕೆಂದಿರುವ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲು ಹೋಗಿ. ಒಂದೇ ಮಾತು ಹೇಳಿ: "ಬೆಂಕಿ ನಾನು ಹಾಕಿಕೊಡುತ್ತೇನೆ. ಮುಗಿದ ಮೇಲೆ ಎಷ್ಟು ಹೊತ್ತಾದರೂ ಕರೆಯಿರಿ, ನಾನೇ ಬಂದು ಆರಿಸುತ್ತೇನೆ." ಈ ಮಾತಿಗೆ ಬೇಸರಪಟ್ಟ ಅತಿಥಿಯನ್ನು ನಾನು ಇದುವರೆಗೆ ಕಂಡಿಲ್ಲ. ಬಹುಪಾಲು ಜನರಿಗೆ ಅದು ನೆಮ್ಮದಿಯ ಮಾತು.

ಹೊತ್ತಿಸಲು ಹೊಗೆಕೊಳವೆ ಬಳಸಿ. ಎರಡೂ ಕಡೆ ತೆರೆದ, ತಳದ ಹತ್ತಿರ ಜಾಲರಿ ಇರುವ ಒಂದಡಿ ಎತ್ತರದ ಲೇಪವಿಲ್ಲದ ಕಬ್ಬಿಣದ ಕೊಳವೆ ಇದು, ವೆಲ್ಡಿಂಗಿನವರೇ ಮಾಡಿಕೊಡುತ್ತಾರೆ. ಮೇಲೆ ಇದ್ದಿಲು ತುಂಬಿ, ಕೆಳಗೆ ಎರಡು ಹಾಳೆ ಪತ್ರಿಕೆಯೋ ಒಣ ತೆಂಗಿನ ನಾರೋ ಇಟ್ಟು ಹಚ್ಚಿದರೆ ಗಾಳಿ ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಸುಮಾರು ಅರ್ಧ ಗಂಟೆಯಲ್ಲಿ ಕೆಂಡ ಸಿದ್ಧವಾಗುತ್ತದೆ. ಬೀಸಣಿಗೆ ಬೇಕಿಲ್ಲ, ಸೀಮೆಎಣ್ಣೆ ಬೇಕಿಲ್ಲ. ಪೆಟ್ರೋಲ್, ಸೀಮೆಎಣ್ಣೆ, ಸ್ಯಾನಿಟೈಸರ್ ಯಾವುದನ್ನೂ ಸುರಿಯಬಾರದು. ಆರಿದಂತೆ ಕಾಣುವ ಕೆಂಡದ ಮೇಲೆ ಸುರಿದಾಗಲಂತೂ ಜ್ವಾಲೆ ಧಾರೆಯನ್ನೇ ಹಿಡಿದುಕೊಂಡು ಕೈಯಲ್ಲಿರುವ ಬಾಟಲಿಗೆ ಏರುತ್ತದೆ.

ಕೆಂಡದ ಮೇಲೆ ತೆಳುವಾಗಿ ಬಿಳಿಬೂದಿ ಕೂತಾಗ ಗ್ರಿಲ್ಲಿಗೆ ಸುರಿಯಿರಿ. ಎಲ್ಲ ಕಡೆ ಹರಡಬೇಡಿ. ಅರ್ಧಭಾಗದಲ್ಲಿ ಕೆಂಡ, ಇನ್ನರ್ಧ ಖಾಲಿ. ಕೆಂಡದ ಮೇಲೆ ಮೊದಲು ಬಣ್ಣ ಬರಿಸಿ, ಖಾಲಿ ಭಾಗಕ್ಕೆ ಸರಿಸಿ ಮುಚ್ಚಳ ಹಾಕಿ ಒಳಗೆ ಬೇಯಿಸುವುದು ಕ್ರಮ. ಹೊರಗೆ ಕರಕಲು, ಒಳಗೆ ಹಸಿ ಎಂಬ ದೂರು ಈ ಒಂದು ಉಪಾಯದಿಂದ ನಿಲ್ಲುತ್ತದೆ. ಎಣ್ಣೆ ತೊಟ್ಟಿಕ್ಕಿ ಜ್ವಾಲೆ ಎದ್ದರೆ ಸರಿಸಿಡಲು ಜಾಗವೂ ಇರುತ್ತದೆ.

ಹಂತ 7: ಅತಿಥಿಗೆ ಹೇಳಿಕೊಡಬೇಕಾದದ್ದು

ಹತ್ತು ನಿಮಿಷ ಜೊತೆಯಲ್ಲಿ ನಿಂತು ಮೊದಲ ಸುತ್ತನ್ನು ಒಟ್ಟಿಗೇ ಸುಡಿ. ಆ ಹತ್ತು ನಿಮಿಷದಲ್ಲಿ ಹೇಳಬೇಕಾದವು ಇವು.

ಕೋಳಿಯ ದಪ್ಪನೆಯ ಭಾಗದ ನಡುವೆ 74 ಡಿಗ್ರಿ ಸೆಲ್ಸಿಯಸ್ ಕಾವು ಮುಟ್ಟಿರಬೇಕು. ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ಕೊಂಡಿಡಿ, ದುಬಾರಿಯೇನಲ್ಲ. ಮಸಾಲೆ ಹಚ್ಚಿದ ಹಸಿ ಮಾಂಸ, ಮೀನು ಫ್ರಿಜ್ಜಿನಲ್ಲಿಯೇ ಇರಬೇಕು. ನಮ್ಮ ಏಪ್ರಿಲ್‌ನ ಸೆಕೆಯಲ್ಲಿ ಹೊರಗೆ ಒಂದು ಗಂಟೆ ಮೀರಬಾರದು. ಹಸಿ ಮಾಂಸ ಇಟ್ಟ ತಟ್ಟೆಗೆ ಬೆಂದದ್ದನ್ನು ಮತ್ತೆ ಹಾಕಬಾರದು, ಬಣ್ಣದ ಹಿಡಿಯ ಎರಡು ಇಕ್ಕಳಗಳ ಉಪಯೋಗ ಇಲ್ಲಿಯೂ ಇದೆ.

ಬಂಗುಡೆ, ಬೂತಾಯಿ ಎಣ್ಣೆಮೀನುಗಳು. ನೇರ ಕೆಂಡದ ಮೇಲಿಟ್ಟರೆ ಜ್ವಾಲೆ ಏಳುತ್ತದೆ, ಜಾಲರಿಗೆ ಅಂಟುತ್ತದೆ. ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ ಇಡಲು ಹೇಳಿ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಇರುವುದರಿಂದ ಆ ದಿನಗಳಲ್ಲಿ ಬೇಕಾದ ಮೀನು ಸಿಗುತ್ತದೆ ಎಂದು ಮಾತು ಕೊಡಬೇಡಿ.

ಸಸ್ಯಾಹಾರಿಗಳಿಗೆ ಪನ್ನೀರು, ದೊಡ್ಡಮೆಣಸು ಎಂದು ಪೇಟೆಯ ಪಟ್ಟಿ ಕೊಡುವ ಮೊದಲು ನಿಮ್ಮ ಹಿತ್ತಲನ್ನು ನೋಡಿ. ಕೆಂಡದ ಮೇಲೆ ಇಡಿಯಾಗಿ ಸುಟ್ಟ ಜೀಗುಜ್ಜೆಯ, ಅಂದರೆ ದೀವಿಹಲಸಿನ, ಸಿಪ್ಪೆ ಕಪ್ಪಾದಾಗ ಒಡೆದು, ಉಪ್ಪು, ಕಾರ, ತೆಂಗಿನೆಣ್ಣೆ ಹಾಕಿ ಕೊಟ್ಟು ನೋಡಿ. ಬೆಂಗಳೂರಿನಿಂದ ಬಂದವರು ಮತ್ತೆ ಫೋನ್ ಮಾಡಿ ಕೇಳುವುದು ಅದನ್ನೇ. ಗೆಣಸು, ನೇಂದ್ರ ಬಾಳೆ, ಉಪ್ಪುನೀರಲ್ಲಿ ಬೇಯಿಸಿದ ಎಳೆ ಗುಜ್ಜೆಯ (ಎಳೆ ಹಲಸಿನಕಾಯಿಯ) ಹೋಳು, ಎಲ್ಲವೂ ಗ್ರಿಲ್ಲಿಗೆ ಹೇಳಿ ಮಾಡಿಸಿದವು.

ಇನ್ನು ನಮ್ಮ ಊರಿಗೇ ಸೇರಿದ ಮೂರು ಅಪಾಯಗಳು. ಬೇರೆ ಊರಿನ ಗ್ರಿಲ್ ಕೈಪಿಡಿಗಳಲ್ಲಿ ಇವು ಸಿಗುವುದು ಕಡಿಮೆ, ಹಾಗಾಗಿ ಹಲಗೆಯ ಮೇಲೆ ದೊಡ್ಡದಾಗಿ ಬರೆಯಿಸಿ.

ಮೊದಲನೆಯದು ಗೇರುಬೀಜ. ಮಾರ್ಚ್‌ನಿಂದ ಮೇವರೆಗೆ ಹಿತ್ತಲಿನಲ್ಲಿ ಬಿದ್ದ ಬೀಜವನ್ನು ಮಕ್ಕಳು ಆರಿಸಿ ತಂದು ಕೆಂಡಕ್ಕೆ ಹಾಕುತ್ತಾರೆ. ಸಿಪ್ಪೆಯೊಳಗಿನ ಸೊನೆ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ, ಬೆಂಕಿ ತಾಗಿದರೆ ಭುಗಿಲೆಂದು ಉರಿದು ಸಿಡಿಯುತ್ತದೆ, ಅದರ ಹೊಗೆ ಕಣ್ಣು ಗಂಟಲುಗಳನ್ನು ಉರಿಸುತ್ತದೆ. ಗೇರುಬೀಜ ಸುಡುವುದು ತಿಳಿದವರ ಕೆಲಸ, ಅತಿಥಿಯ ಗ್ರಿಲ್ಲಿನದಲ್ಲ. ಎರಡನೆಯದು ಹಲಸಿನ ಬೀಜ. ಇಡಿಯಾಗಿ ಕೆಂಡದಲ್ಲಿ ಹೂತರೆ ಆವಿ ತುಂಬಿ ಪಟಾಕಿಯಂತೆ ಸಿಡಿದು ಕೆಂಡವನ್ನು ಹಾರಿಸುತ್ತದೆ. ಚೂರಿಯಿಂದ ಒಂದು ಗೀರು ಹಾಕಿ ಇಡಲು ಹೇಳಿ. ಮೂರನೆಯದು ಕಡ್ಡಿ. ಚುಚ್ಚಿ ಸುಡಲು ಬೇಲಿಯಿಂದ ಯಾವುದೋ ಕೊಂಬೆ ಮುರಿದು ತರುವವರಿದ್ದಾರೆ. ಕಣಗಿಲೆಯೂ ಕಾಸರಕವೂ ವಿಷದ ಗಿಡಗಳು. ಕಾಸರಗೋಡು ಎಂಬ ಹೆಸರೇ ಕಾಸರಕದ ಮರದಿಂದ ಬಂತು ಎನ್ನುವವರಿರುವಷ್ಟು ಆ ಮರ ನಮ್ಮಲ್ಲಿದೆ. ಸ್ಟೀಲ್ ಕಡ್ಡಿಗಳನ್ನು, ಇಲ್ಲವೇ ಅರ್ಧ ಗಂಟೆ ನೀರಲ್ಲಿ ನೆನೆಸಿದ ಬಿದಿರು ಕಡ್ಡಿಗಳನ್ನು ನೀವೇ ಕೊಡಿ.

ಸೆರಗು, ದುಪಟ್ಟಾ, ನೈಲಾನ್ ಬಟ್ಟೆ ಗ್ರಿಲ್ಲಿನಿಂದ ದೂರ. ಮಕ್ಕಳಿಗೆ ಮೂರು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು ತೋರಿಸಿ. ದೊಡ್ಡವರ ಮಾತನ್ನು ಕೇಳದ ಮಕ್ಕಳೂ ಗೆರೆಯನ್ನು ಪಾಲಿಸುವುದನ್ನು ನೋಡಿದ್ದೇನೆ.

ಸುಟ್ಟಗಾಯವಾದರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ತುಪ್ಪ, ಅರಸಿನ ಏನನ್ನೂ ಹಚ್ಚಬಾರದು. ಅಂಗೈಗಿಂತ ದೊಡ್ಡ ಗಾಯ, ಮುಖ ಅಥವಾ ಕೀಲಿನ ಮೇಲಿನ ಗಾಯ ಆಸ್ಪತ್ರೆಗೆ.

ಹಂತ 8: ಮಳೆ ಬಂದಾಗ

ದಯವಿಟ್ಟು ಈ ಹಂತವನ್ನು ಎರಡು ಸಲ ಓದಿ.

ಸುಡುತ್ತಿರುವಾಗ ಮಳೆ ಸುರಿದರೆ ಅತಿಥಿಗಳು ಮಾಡುವ ಮೊದಲ ಕೆಲಸ ಗ್ರಿಲ್ಲನ್ನು ಎತ್ತಿ ಜಗಲಿಗೋ ಚಾವಡಿಗೋ ತರುವುದು. ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ನಿದ್ದೆ, ಆಮೇಲೆ ಏಳುವುದಿಲ್ಲ. ಜ್ವಾಲೆ ಇಲ್ಲದ, ಆರುತ್ತಿರುವ ಕೆಂಡವೂ ಇದನ್ನು ಬಿಡುತ್ತಲೇ ಇರುತ್ತದೆ. ಗಾಳಿ ತಡೆಯಲು ಟರ್ಪಾಲ್ ಇಳಿಬಿಟ್ಟ ಜಗಲಿಯೂ ಮುಚ್ಚಿದ ಕೋಣೆಯೇ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ರಾತ್ರಿ ತಂಗಿದ್ದ ಕೇರಳದ ಎಂಟು ಮಂದಿ ಪ್ರವಾಸಿಗರು ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಉರಿಸಿಕೊಂಡು ಮಲಗಿ ಬೆಳಿಗ್ಗೆ ಏಳಲಿಲ್ಲ. ಅವರಲ್ಲಿ ಮಕ್ಕಳೂ ಇದ್ದರು. ಉರಿಸಿದ್ದು ಬೇರೆ, ಆದರೆ ಮುಚ್ಚಿದ ಜಾಗದಲ್ಲಿ ಉರಿ ಇಡುವುದರ ಅಪಾಯ ಇದೇ.

ಹಾಗಾಗಿ ನಿಯಮ ಹೀಗಿರಲಿ. ಮಳೆ ಬಂದರೆ ಆಹಾರ ಒಳಗೆ ಬರುತ್ತದೆ, ಗ್ರಿಲ್ ಹೊರಗೇ ಇರುತ್ತದೆ. ಮುಚ್ಚಳ ಹಾಕಿ, ಕಿಂಡಿಗಳನ್ನೆಲ್ಲ ಮುಚ್ಚಿ ಬಂದುಬಿಡುವುದು. ಅರೆಬೆಂದದ್ದನ್ನು ಮುಗಿಸಲು ಅಡುಗೆಮನೆಯ ಒಲೆಯನ್ನು ನೀವು ಬಿಟ್ಟುಕೊಡಬೇಕು. ಆ ಒಲೆ ಇದೆ ಎಂದು ಮೊದಲೇ ತಿಳಿಸಿದ್ದರೆ ಯಾರೂ ಗ್ರಿಲ್ ಎತ್ತಿಕೊಂಡು ಒಳಗೆ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದಿಲಿನ ಗ್ರಿಲ್ ಇಲ್ಲ ಎಂದು ಬುಕಿಂಗ್ ಪುಟದಲ್ಲಿ ಬರೆದುಬಿಡುವುದು ಇನ್ನೂ ಒಳ್ಳೆಯದು.

ಹಂತ 9: ಆರಿಸುವುದು, ತೊಳೆಯುವುದು

ರಾತ್ರಿ ಕೊನೆಯ ಹೊತ್ತನ್ನು ಮೊದಲೇ ಗೊತ್ತುಮಾಡಿ. ನಮ್ಮಲ್ಲಿ 9:30. ಕರೆ ಬಂದಾಗ ಹೋಗಿ ಮುಚ್ಚಳ ಹಾಕಿ, ಕಿಂಡಿಗಳನ್ನು ಮುಚ್ಚಿ. ಗಾಳಿಯಿಲ್ಲದೆ ಕೆಂಡ ತಾನಾಗಿ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಕಾದ ಗ್ರಿಲ್ಲಿಗೆ ನೀರು ಸುರಿಯಬೇಡಿ. ಬಿಸಿ ಆವಿ ಮತ್ತು ಬೂದಿ ಮುಖಕ್ಕೆ ಎರಚುತ್ತವೆ, ತಗಡು ಸೊಟ್ಟಗಾಗುತ್ತದೆ. ಎಲುಬು, ಮೀನಿನ ತಲೆ ಅಂಗಳದಲ್ಲಿ ಉಳಿದರೆ ರಾತ್ರಿ ನಾಯಿಗಳು ಬಂದು ಗ್ರಿಲ್ಲನ್ನೇ ಉರುಳಿಸುತ್ತವೆ, ತೋಟದ ಅಂಚಿನ ಮನೆಗಳಿಗೆ ಕಾಡುಹಂದಿಯೂ ಬರಬಹುದು. ಅದನ್ನು ಆ ರಾತ್ರಿಯೇ ತೆಗೆಯಿಸಿ.

ಬೂದಿಯ ವಿಷಯದಲ್ಲಿ ಒಂದು ಘಟನೆ ಹೇಳಲೇಬೇಕು. ಮೊದಲ ವರ್ಷ, ಬೆಳಿಗ್ಗೆ ತಣ್ಣಗಾಗಿದೆ ಎಂದುಕೊಂಡು ಬೂದಿಯನ್ನು ಗೊಬ್ಬರದ ಗುಂಡಿಯ ಒಣಸೋಗೆಯ ಮೇಲೆ ಹಾಕಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಹೊಗೆಯ ವಾಸನೆ ಬಂದಾಗ ಗುಂಡಿ ಹೊತ್ತಿ ಉರಿಯುತ್ತಿತ್ತು, ಹತ್ತು ಮಾರು ದೂರದಲ್ಲಿ ಹಟ್ಟಿ, ಅದರೊಳಗೆ ಎರಡು ಹಸು. ಅಂದು ಸುರಂಗದ ಪೈಪು ಅಲ್ಲಿಗೆ ಮುಟ್ಟಿದ್ದರಿಂದ ಉಳಿದೆವು. ಬೂದಿಯ ಒಳಗೆ ಕೆಂಡ ಒಂದು ದಿನ, ಕೆಲವೊಮ್ಮೆ ಎರಡು ದಿನ ಜೀವಂತವಾಗಿರುತ್ತದೆ. ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ, ಕಲ್ಲಿನ ಮೇಲೆ ಇಟ್ಟು, ಎರಡು ದಿನ ಬಿಟ್ಟು, ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಬೇರೆ ಕಡೆಗೆ. ಪ್ಲಾಸ್ಟಿಕ್ ಬಕೆಟ್ಟಿಗೆ, ಅಡಿಕೆ ಹಾಳೆಯ ಪಡಿಗೆಗೆ ಬೂದಿ ತುಂಬಬೇಡಿ.

ಜಾಲರಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಬೇಡಿ. ಮುರಿದ ತಂತಿ ಕಣ್ಣಿಗೆ ಕಾಣದೆ ಆಹಾರಕ್ಕೆ ಅಂಟಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಸ್ವಲ್ಪ ಬೆಚ್ಚಗಿರುವಾಗ ತೆಂಗಿನ ನಾರಿನ ಉಂಡೆಯಿಂದ ತಿಕ್ಕಿ, ತೊಳೆದು, ಒರಸಿ, ತೆಂಗಿನೆಣ್ಣೆಯ ಬಟ್ಟೆಯಲ್ಲಿ ಒಮ್ಮೆ ಸವರಿಡಿ. ಮಳೆಗಾಲಕ್ಕೆ ಒಳಗಿಡುವಾಗ ಈ ಎಣ್ಣೆಯ ಪದರ ಸ್ವಲ್ಪ ಹೆಚ್ಚೇ ಇರಲಿ, ಗಾಳಿಕಿಂಡಿಯ ತಿರುಗಣೆಗಳಿಗೂ ಹಚ್ಚಿ. ಮಳೆಗಾಲ ಮುಗಿದು ಹೊರಗೆ ತೆಗೆದಾಗ ತಳದಲ್ಲಿ ತೂತು ಬಿದ್ದಿದೆಯೇ, ಕಾಲುಗಳು ಅಲುಗಾಡುತ್ತವೆಯೇ ಎಂದು ಖಾಲಿ ಗ್ರಿಲ್ಲನ್ನು ಅಲ್ಲಾಡಿಸಿ ನೋಡಿ.

ಬರೀ ಗೆರಟೆಯ ಇದ್ದಿಲು ಉರಿಸಿದ್ದರೆ, ಪೂರ್ತಿ ತಣಿದ ಆ ಬೂದಿಯನ್ನು ಜರಡಿ ಹಿಡಿದು ತೆಂಗಿನ ಬುಡಕ್ಕೆ ಹಾಕಿ. ಅದರಲ್ಲಿ ಪೊಟ್ಯಾಷ್ ಇದೆ, ನಮ್ಮ ಹುಳಿಮಣ್ಣಿಗೂ ಅದು ಹಿತ. ಎಣ್ಣೆ ತೊಟ್ಟಿಕ್ಕಿ ಗಟ್ಟಿಯಾದ ಕರಕಲು ಚೂರುಗಳನ್ನು ಮಾತ್ರ ಬೇರೆ ತೆಗೆದು ಹೂತುಬಿಡಿ.